ತೆರೆಯ ಮರೆಯ ದಾನಿ: ಹೆನ್ರಿ ಆಡಮ್ಸನ ‘ಡೆಮಾಕ್ರಸಿ’

ಹೆನ್ರಿ ಆಡಮ್ಸನ ಹೆಸರನ್ನು ಕೇಳಿದವರು ಸಾಮಾನ್ಯವಾಗಿ ಅವನ ಆತ್ಮಕಥೆಯನ್ನು ನೆನೆಯುತ್ತಾರೆ. 1880ರಲ್ಲಿ ಅವನು ಪ್ರಕಟಿಸಿದ ‘ಡೆಮಾಕ್ರಸಿ’ ಎಂಬ ಕಾದಂಬರಿಯನ್ನು ನೆನೆಯುವವರು ಕಡಿಮೆ. ಇದಕ್ಕೆ ಅವನೂ ಸ್ವಲ್ಪಮಟ್ಟಿಗೆ ಹೊಣೆ. ಪುಸ್ತಕದ ಮೇಲೆ ತನ್ನ ಹೆಸರನ್ನು ಹಾಕಿಸಲಿಲ್ಲ. 1918ರಲ್ಲಿ ತೀರಿಕೊಳ್ಳುವವರೆಗೂ ಅದು ತನ್ನದೆಂದು ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ಮುತ್ತಾತ ಜಾನ್ ಆಡಮ್ಸ್ ಅಮೆರಿಕ ಸಂಯುಕ್ತ ಸಂಸ್ಥಾನದ ಎರಡನೆಯ ಅಧ್ಯಕ್ಷ. ತಾತ ಜಾನ್ ಕ್ವಿನ್ಸಿ ಆಡಮ್ಸ್ ಆರನೆಯವನು. ಅಂಥ ಮನೆಯಲ್ಲಿ ಹುಟ್ಟಿದವನು ಅಧ್ಯಕ್ಷಪದವಿಯ ಸುತ್ತ ನಡೆಯುವ ವ್ಯಾಪಾರವನ್ನು ಕುರಿತು ಬರೆಯುವಾಗ ಹೆಸರನ್ನು ಮುಚ್ಚಿಟ್ಟುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪುಸ್ತಕ ಹೊರಬಂದಾಗ ಜನ ಕೇಳಿದ ಪ್ರಶ್ನೆಗಳು ಎರಡು. ಇದನ್ನು ಬರೆದವರು ಯಾರು? ಇದರಲ್ಲಿ ಬರುವ ಸೆನೆಟರ್ ರಾಟ್‌ಕ್ಲಿಫ್ ನಿಜದಲ್ಲಿ ಯಾರು? ಮೊದಲನೆಯದಕ್ಕೆ ಆಡಮ್ಸನ ಗೆಳೆಯರ ಹೆಸರೂ ಅವನ ಹೆಂಡತಿಯ ಹೆಸರೂ ಓಡಾಡಿದವು. ಎರಡನೆಯದಕ್ಕೆ ಬಹುಮಂದಿ ಕೊಟ್ಟ ಉತ್ತರ ಜೇಮ್ಸ್ ಬ್ಲೇನ್. ಇಂದು ಆ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡಾಗ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಪ್ರಶ್ನೆ: ರಾಟ್‌ಕ್ಲಿಫ್‌ನ ಪಕ್ಷಕ್ಕೆ ಹಣ ಕೊಟ್ಟವರು ಯಾರು? ಕಾದಂಬರಿಯಲ್ಲಿ ಅವರು ಒಂದು ಪುಟದಲ್ಲಾದರೂ ಮುಖ ತೋರಿಸುವುದಿಲ್ಲವೇಕೆ?

ಕಥೆ ಸರಳವಾದದ್ದು. ಮಾಡೆಲೀನ್ ಲೀ ನ್ಯೂಯಾರ್ಕಿನ ಸಿರಿವಂತ ವಿಧವೆ. ವಯಸ್ಸು ಮೂವತ್ತು. ಗಂಡನನ್ನೂ ಕೂಸನ್ನೂ ಒಟ್ಟಿಗೇ ಎಂಬಂತೆ ಕಳೆದುಕೊಂಡವಳು. ತತ್ತ್ವಶಾಸ್ತ್ರ ಓದಿ ನೋಡಿದಳು, ದಾನಧರ್ಮ ಮಾಡಿ ನೋಡಿದಳು. ಮನಸ್ಸು ನೆಲೆ ನಿಲ್ಲಲಿಲ್ಲ. ಒಂದು ದೊಡ್ಡ ದೇಶವನ್ನು ನಡೆಸುವ ಯಂತ್ರ ಹೇಗಿದೆ, ಅದನ್ನು ತಿರುಗಿಸುವ ಕೈ ಯಾವುದು ಎಂದು ಕಣ್ಣಾರೆ ಕಾಣಬೇಕೆಂಬ ಹಂಬಲದಿಂದ ತಂಗಿ ಸಿಬಿಲಳೊಡನೆ ವಾಷಿಂಗ್ಟನ್ನಿಗೆ ಬಂದು ಮನೆ ಮಾಡುತ್ತಾಳೆ. ಅವಳ ದಿವಾನಖಾನೆಗೆ ಬರುವವರಲ್ಲಿ ಇಬ್ಬರು ಮುಖ್ಯರು. ಒಬ್ಬ ಕ್ಯಾರಿಂಗ್ಟನ್, ವರ್ಜೀನಿಯದ ವಕೀಲ, ಅಂತರ್ಯುದ್ಧದಲ್ಲಿ ಸೋತ ಕಡೆಯ ಸೈನಿಕ. ಇನ್ನೊಬ್ಬ ಇಲಿನಾಯ್ ಪ್ರಾಂತದ ಸೆನೆಟರ್ ರಾಟ್‌ಕ್ಲಿಫ್. ಅಧ್ಯಕ್ಷಪದವಿಯ ಉಮೇದುವಾರಿಕೆ ಸ್ವಲ್ಪದರಲ್ಲಿ ಕೈತಪ್ಪಿದವನು, ಹೊಸ ಅಧ್ಯಕ್ಷನ ಸಂಪುಟದಲ್ಲಿ ಖಜಾನೆಯ ಮಂತ್ರಿಯಾಗುವವನು. ಇವನ ಕೈಹಿಡಿದರೆ ಯಂತ್ರದ ಕೀಲಿಯನ್ನೇ ಹಿಡಿದಂತೆ ಎಂದು ಮಾಡೆಲೀನಳಿಗೆ ಅನ್ನಿಸುತ್ತದೆ. ಇನ್ನೇನು ಒಪ್ಪಿಯೇಬಿಟ್ಟಳು ಎನ್ನುವ ಹೊತ್ತಿಗೆ ಕ್ಯಾರಿಂಗ್ಟನ್ ಬರೆದಿಟ್ಟುಹೋದ ಪತ್ರ ಅವಳ ಕೈಸೇರುತ್ತದೆ.

ಪತ್ರದಲ್ಲಿರುವುದು ಎಂಟು ವರ್ಷ ಹಿಂದಿನ ಸಂಗತಿ. ಒಂದು ಹಡಗಿನ ಕಂಪೆನಿಗೆ ಸರಕಾರ ಸಹಾಯಧನ ಕೊಡಬೇಕೆಂಬ ಮಸೂದೆ ರಾಟ್‌ಕ್ಲಿಫ್ ಮುಖ್ಯಸ್ಥನಾಗಿದ್ದ ಸಮಿತಿಯ ಮುಂದೆ ಬಂದಿತ್ತು. ಅವನು ವಿರೋಧಿಸಿದ; ಆಮೇಲೆ ವಿರೋಧವನ್ನು ಬಿಟ್ಟ. ನಡುವೆ ಕೈ ಬದಲಾಯಿಸಿದ್ದು ಒಂದು ಲಕ್ಷ ಡಾಲರು ಬೆಲೆಯ ಸರಕಾರಿ ಬಾಂಡುಗಳು. (ನಮ್ಮ ದೇಶದಲ್ಲಿ 2018ರಿಂದ ನಡೆದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿದ ಚುನಾವಣಾ ಬಾಂಡುಗಳ ನೆನಪು ಇಲ್ಲಿ ವಾಚಕರಿಗೆ ಬಂದರೆ ಆಡಮ್ಸನ ತಪ್ಪಲ್ಲ.)

ಆದರೆ ಕಾದಂಬರಿಯ ಜೀವ ಈ ಪತ್ರದಲ್ಲಿಲ್ಲ. ಪತ್ರಕ್ಕೆ ರಾಟ್‌ಕ್ಲಿಫ್ ಕೊಡುವ ಸಮಜಾಯಿಷಿಯಲ್ಲಿದೆ. ಅವನು ಸಿಕ್ಕಿಬಿದ್ದ ಕಳ್ಳನಂತೆ ತೊದಲುವುದಿಲ್ಲ. ಅವನ ಮಾತಿನ ಸಾರ ಇಷ್ಟು: ಅದು ಅಧ್ಯಕ್ಷ ಚುನಾವಣೆಯ ಕಾಲ. ತಮ್ಮ ಪಕ್ಷ ಸೋತರೆ ದೇಶಕ್ಕೇ ಕೇಡೆಂದು ಎಲ್ಲರೂ ನಂಬಿದ್ದರು. ಹಣ ನೀರಿನಂತೆ ಹರಿಯಿತು. ಪಕ್ಷದ ರಾಷ್ಟ್ರೀಯ ಸಮಿತಿ ಕೈಮೀರಿ ಖರ್ಚು ಮಾಡಿತು. ಆಗ ಪಕ್ಷದ ಹಿರಿಯರು ಬಂದು, ಹಡಗಿನ ಮಸೂದೆಗೆ ಅಡ್ಡ ನಿಲ್ಲಬೇಡ, ಪಕ್ಷದ ಹಿತಕ್ಕೆ ಇದು ಅಗತ್ಯ ಎಂದರು. ಕಾರಣವನ್ನು ಅವರು ಹೇಳಲಿಲ್ಲ. ಇವನು ಒತ್ತಾಯಿಸಿ ಕೇಳಲಿಲ್ಲ. ಮಸೂದೆಯ ವಿಷಯದಲ್ಲಿ ತನ್ನ ಅಭಿಪ್ರಾಯವೇ ತಪ್ಪಿರಬಹುದಲ್ಲ ಎಂದು ಸಮಾಧಾನ ಮಾಡಿಕೊಂಡ. ಹಣ ಸಂದದ್ದು ನಿಜವೇ ಆದರೆ ಸಮಿತಿಯವರಿಗೆ ಸಂದಿರಬೇಕು. ತನ್ನ ಕೈಗೆ ಕಾಸೂ ಬರಲಿಲ್ಲ.

ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಅವಲೋಕನ ಇನ್ನೊಂದಿಲ್ಲ. ಲಂಚದ ಹಳೆಯ ಕಥೆಗಳಲ್ಲಿ ಕೊಡುವವನೊಬ್ಬ, ತೆಗೆದುಕೊಳ್ಳುವವನೊಬ್ಬ. ಕತ್ತಲಲ್ಲಾದರೂ ಇಬ್ಬರು ಎದುರುಬದುರಾಗಲೇಬೇಕು. ಇಲ್ಲಿ ಹಾಗಿಲ್ಲ. ಕಂಪೆನಿಯವರು ಕೊಟ್ಟದ್ದು ಪಕ್ಷಕ್ಕೆ. ಪಕ್ಷದವರು ಸೆನೆಟರನ ಹತ್ತಿರ ಆಡಿದ್ದು ಪಕ್ಷದ ಹಿತದ ಮಾತನ್ನು. ಸೆನೆಟರ್ ಮತ ಹಾಕಿದ್ದು ಹಿರಿಯರ ಮಾತಿಗೆ ಗೌರವ ಕೊಟ್ಟು. ಮೂವರೂ ತಮ್ಮ ತಮ್ಮ ಕೆಲಸವನ್ನು ಮಾಡಿದ್ದಾರೆ. ಲಂಚವೆಂಬ ಶಬ್ದ ಯಾರ ಬಾಯಿಂದಲೂ ಹೊರಟಿಲ್ಲ. ರಾಟ್‌ಕ್ಲಿಫ್ ಸುಳ್ಳು ಹೇಳುತ್ತಿದ್ದಾನೆಂದು ಓದುಗನಿಗೆ ಅನುಮಾನ ಬರಬಹುದು. ನನಗನ್ನಿಸುವ ಮಟ್ಟಿಗೆ, ಅವನು ನಿಜವನ್ನೇ ಹೇಳುತ್ತಿದ್ದಾನೆ ಎಂದು ಓದಿದರೆ ಕಾದಂಬರಿ ಹೆಚ್ಚು ಭಯಂಕರವಾಗುತ್ತದೆ.

ಕಂಪೆನಿಯವರು ರಂಗಕ್ಕೆ ಬಾರದಿರುವುದು ಆಡಮ್ಸನ ಅಜ್ಞಾನದಿಂದಲ್ಲ. ಕಾದಂಬರಿಗೆ ಸುಮಾರು ಹತ್ತು ವರ್ಷ ಮುಂಚೆ ಅವನೂ ಅವನ ಅಣ್ಣ ಚಾರ್ಲ್ಸನೂ ಈರಿ ರೈಲ್ವೆಯ ಹಗರಣಗಳನ್ನು ಕುರಿತು, ಜೇ ಗೌಲ್ಡನು ಚಿನ್ನದ ಪೇಟೆಯನ್ನು ಹಿಡಿಯಲು ಹೂಡಿದ ಸಂಚನ್ನು ಕುರಿತು ಬರೆದಿದ್ದರು. ಶಾಸನಸಭೆಗಳೂ ನ್ಯಾಯಾಧೀಶರೂ ರೈಲ್ವೆ ಕಂಪೆನಿಗಳ ಕಿಸೆಯಲ್ಲಿ ಹೇಗೆ ಕುಳಿತಿದ್ದರೆಂಬುದನ್ನು ಅಲ್ಲಿ ಹೆಸರು ಸಮೇತ ಹೇಳಿದ್ದಾರೆ. ಅಷ್ಟೆಲ್ಲ ಬಲ್ಲವನು ಕಾದಂಬರಿಗೆ ಬಂದಾಗ ಕಂಪೆನಿಗೆ ಒಂದು ಹೆಸರನ್ನು ಕೊಟ್ಟು ಬಿಟ್ಟುಬಿಡುತ್ತಾನೆ. ಇದು ಕಲೆಯ ದೃಷ್ಟಿಯಿಂದ ದೋಷವೆ? ಅರ್ಧ ದೋಷ, ಅರ್ಧ ಗುಣ ಎನ್ನಬೇಕು. ದಾನಿಯನ್ನು ಮರೆಯಲ್ಲಿಟ್ಟದ್ದರಿಂದ ಅವನ ನಿಜವಾದ ಜಾಗ ಅದೇ ಎಂಬುದು ಸ್ಪಷ್ಟವಾಯಿತು. ಆದರೆ ತೀರ್ಪನ್ನೆಲ್ಲ ಒಬ್ಬ ಹೆಂಗಸಿನ ದಿವಾನಖಾನೆಯಲ್ಲಿ ಕೊಡಿಸಿದ್ದರಿಂದ, ದೇಶದ ಪ್ರಶ್ನೆ ‘ಇವನನ್ನು ಮದುವೆಯಾಗಬಹುದೇ’ ಎಂಬಷ್ಟಕ್ಕೆ ಇಳಿದುಹೋಯಿತು. ಮಾಡೆಲೀನ್ ರಾಟ್‌ಕ್ಲಿಫ್‌ನನ್ನು ತಿರಸ್ಕರಿಸಿ ಪರದೇಶಕ್ಕೆ ಹೊರಟುಬಿಡುತ್ತಾಳೆ. ಬಾಗಿಲ ಬಳಿ ಮುದುಕ ರಾಯಭಾರಿ ಜಾಕೋಬಿ ತನ್ನ ಬೆತ್ತದಿಂದ ರಾಟ್‌ಕ್ಲಿಫ್‌ನ ಮುಖಕ್ಕೆ ಹೊಡೆಯುತ್ತಾನೆ. ಓದುಗನಿಗೆ ಒಂದು ಗಳಿಗೆ ತೃಪ್ತಿಯಾಗುತ್ತದೆ. ಹಡಗಿನ ಕಂಪೆನಿಗೆ ಸಿಕ್ಕ ಸಹಾಯಧನ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಒಂದು ಮುಖವನ್ನು ಹುಡುಕಿ ಅದಕ್ಕೆ ಹೊಡೆಯುವ ಈ ಚಪಲ ಕಾದಂಬರಿಕಾರನದು ಮಾತ್ರವಲ್ಲ. ಕಾದಂಬರಿ ಬಂದು ನಾಲ್ಕು ವರ್ಷಕ್ಕೆ, 1884ರಲ್ಲಿ, ರಾಟ್‌ಕ್ಲಿಫ್‌ಗೆ ಮಾದರಿಯೆಂದು ಜನ ಬೊಟ್ಟುಮಾಡಿದ ಆ ಬ್ಲೇನನೇ ಅಧ್ಯಕ್ಷಪದವಿಗೆ ರಿಪಬ್ಲಿಕನ್ ಉಮೇದುವಾರನಾದ. ಮತದಾನಕ್ಕೆ ಒಂದು ವಾರವೂ ಇಲ್ಲದಾಗ, ಅಕ್ಟೋಬರ್ 29ರ ರಾತ್ರಿ, ನ್ಯೂಯಾರ್ಕಿನ ಡೆಲ್ಮಾನಿಕೋ ಭೋಜನಗೃಹದಲ್ಲಿ ಜೇ ಗೌಲ್ಡ್ ಮೊದಲಾದ ಧನಿಕರೊಡನೆ ಔತಣಕ್ಕೆ ಕುಳಿತ. ಮರುದಿನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆ ಮುಖಪುಟದಲ್ಲಿ ಒಂದು ವ್ಯಂಗ್ಯಚಿತ್ರ ಹಾಕಿತು. ಬೈಬಲ್ಲಿನ ಬೆಲ್ಷಜರ ರಾಜನ ಔತಣದ ಮಾದರಿಯಲ್ಲಿ ಬ್ಲೇನ್ ಸಾಹುಕಾರರ ನಡುವೆ ಕುಳಿತಿದ್ದಾನೆ. ಬಡಿಸಿರುವುದು ಏಕಸ್ವಾಮ್ಯದ ಸಾರು ಮುಂತಾದ ಭಕ್ಷ್ಯಗಳನ್ನು. ಮೇಜಿನ ಮುಂದೆ ಹಸಿದ ಒಂದು ಕುಟುಂಬ ಕೈಚಾಚಿ ನಿಂತಿದೆ. ನ್ಯೂಯಾರ್ಕ್ ಪ್ರಾಂತವನ್ನು ಬ್ಲೇನ್ ಸುಮಾರು 1,100 ಮತಗಳಿಂದ ಕಳೆದುಕೊಂಡ, ಅದರೊಡನೆ ಅಧ್ಯಕ್ಷಪದವಿಯನ್ನೂ. ಅದೇ ದಿನ ಅವನ ಬೆಂಬಲಿಗನಾದ ಪಾದ್ರಿಯೊಬ್ಬ ಕ್ಯಾಥೊಲಿಕರನ್ನು ಹೀಯಾಳಿಸಿ ಆಡಿದ ಮಾತೂ ಸೋಲಿಗೆ ಕಾರಣವಾಯಿತು. ಎಲ್ಲವನ್ನೂ ಚಿತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಚಿತ್ರಕಾರನಿಗೆ ಆ ರಾತ್ರಿ ದೊರೆತದ್ದು ಕಾದಂಬರಿಕಾರನಿಗೆ ದೊರೆಯದ ಭಾಗ್ಯ. ದಾನಿಗಳು ತಾವಾಗಿಯೇ ದೀಪದ ಬೆಳಕಿಗೆ ಬಂದು ಕುಳಿತಿದ್ದರು.

ಮುಂದೆ ಅವರು ಹಾಗೆ ಸುಲಭವಾಗಿ ಸಿಕ್ಕಲಿಲ್ಲ. 1896ರಲ್ಲಿ ಮ್ಯಾಕಿನ್ಲಿಗೂ ಬ್ರಯನ್ನನಿಗೂ ನಡೆದ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಸೂತ್ರ ಹಿಡಿದವನು ಮಾರ್ಕ್ ಹ್ಯಾನ, ಓಹಾಯೋದ ಕಲ್ಲಿದ್ದಲು, ಕಬ್ಬಿಣ, ಹಡಗುಗಳ ವರ್ತಕ. ಬೆಳ್ಳಿಯ ನಾಣ್ಯದ ಪರವಾಗಿ ಬ್ರಯನ್ ಸಾವಿರಾರು ಮೈಲಿ ಸುತ್ತಿ ಭಾಷಣ ಮಾಡುತ್ತಿದ್ದರೆ, ಮ್ಯಾಕಿನ್ಲಿ ತನ್ನ ಊರಿನ ಮನೆಯ ಜಗಲಿಯಲ್ಲೇ ಇದ್ದ. ಜನರನ್ನು ರೈಲುಗಳಲ್ಲಿ ತುಂಬಿ ಜಗಲಿಯ ಮುಂದೆ ತಂದು ನಿಲ್ಲಿಸಿದರು. ಹ್ಯಾನ ಕೂಡಿಸಿದ ಹಣ ಸುಮಾರು 35 ಲಕ್ಷ ಡಾಲರು. ಬ್ರಯನ್ನನ ಕಡೆಯವರಿಗೆ ದೊರೆತದ್ದು ಅದರ ಸಣ್ಣದೊಂದು ಪಾಲು. ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯೊಂದೇ ಎರಡೂವರೆ ಲಕ್ಷ ಕೊಟ್ಟಿತು. ಹತ್ತು ಕೋಟಿಗೂ ಮೀರಿ ಕರಪತ್ರಗಳು ಹಂಚಿಕೆಯಾದವು. ಅಷ್ಟು ಜನ ಆ ದೇಶದಲ್ಲೇ ಆಗ ಇರಲಿಲ್ಲ.

ಇಲ್ಲಿಯೂ ಚಿತ್ರಕಾರ ಬಂದ. ಹರ್ಸ್ಟ್‌ನ ಪತ್ರಿಕೆಯಲ್ಲಿ ಹೋಮರ್ ಡೇವನ್‌ಪೋರ್ಟ್ ಬರೆದ ಹ್ಯಾನ ಗುಡಾಣ ಹೊಟ್ಟೆಯವನು; ತೊಟ್ಟ ಬಟ್ಟೆಯ ತುಂಬ ಡಾಲರಿನ ಗುರುತು. ಚಿತ್ರ ಅಮೆರಿಕದ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಆದರೆ 1912ರಲ್ಲಿ ಹರ್ಬರ್ಟ್ ಕ್ರೋಲಿ ಬರೆದ ಹ್ಯಾನನ ಜೀವನಚರಿತ್ರೆಯನ್ನು ಓದಿದವರಿಗೆ ಆ ಚಿತ್ರ ಎಷ್ಟು ಸ್ಥೂಲವಾದದ್ದೆಂದು ಗೊತ್ತಾಗುತ್ತದೆ. ಕ್ರೋಲಿ ಹ್ಯಾನನ ಮೇಲೆ ಪ್ರೀತಿಯಿಟ್ಟೇ ಬರೆದಿದ್ದಾನೆ. ಹಾಗಾಗಿಯೇ ಅವನ ಪುಸ್ತಕ ಒಂದು ದೊಡ್ಡ ಸಾಕ್ಷ್ಯ. ಹ್ಯಾನ ಬೇಡಲಿಲ್ಲ, ಬೆದರಿಸಲೂ ಇಲ್ಲ, ವಂತಿಗೆ ಹಾಕಿದ. ಬ್ಯಾಂಕುಗಳಾದರೆ ಬಂಡವಾಳದ ನೂರಕ್ಕೆ ಕಾಲು ಪಾಲು. ಊರಹಬ್ಬಕ್ಕೆ ಮನೆಮನೆಯ ಮೇಲೆ ಇಷ್ಟಿಷ್ಟೆಂದು ಗೊತ್ತುಮಾಡುವಂತೆ ದೊಡ್ಡ ಕಂಪೆನಿಗಳಿಗೆಲ್ಲ ಅವುಗಳ ಶಕ್ತಿಗೆ ತಕ್ಕ ಪಾಲು. ನಿರ್ದಿಷ್ಟವಾದ ಒಂದು ಉಪಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟ ಹಣವನ್ನು ಮುಂದಿನ ಚುನಾವಣೆಯಲ್ಲಿ ಅವನು ಹಿಂದಿರುಗಿಸಿದ್ದೂ ಉಂಟಂತೆ. ಇಂಥವನನ್ನು ಡಾಲರಿನ ಅಂಗಿ ತೊಡಿಸಿ ರಾಕ್ಷಸನನ್ನಾಗಿ ಮಾಡಿದರೆ ನಿಜವಾದ ಸಂಗತಿ ಕೈಬಿಟ್ಟುಹೋಗುತ್ತದೆ. ಹ್ಯಾನ ಸೆನೆಟರನನ್ನು ಕೊಳ್ಳಲಿಲ್ಲ. ಆಳುವ ಪಕ್ಷದ ಖರ್ಚನ್ನು ಭರಿಸುವುದು ವ್ಯಾಪಾರದ ಮಾಮೂಲು ವೆಚ್ಚಗಳಲ್ಲಿ ಒಂದು ಎಂದು ಕಂಪೆನಿಗಳಿಗೆ ಕಲಿಸಿದ. ಕ್ರೋಲಿಯ ಒಣ ಪುಟಗಳಲ್ಲಿ ಆಡಮ್ಸನ ಮಾತಿನ ಚಕಮಕಿ ಇಲ್ಲ, ಡೇವನ್‌ಪೋರ್ಟನ ಕುಂಚದ ಉಗ್ರತೆಯೂ ಇಲ್ಲ. ಆದರೂ ಮೂರರಲ್ಲಿ ವಸ್ತುವಿಗೆ ಹತ್ತಿರ ನಿಂತದ್ದು ಅದೇ ಎಂದು ನನ್ನ ಅಭಿಪ್ರಾಯ.

ರಾಟ್‌ಕ್ಲಿಫ್‌ನ ಒಂದು ಲಕ್ಷ ಡಾಲರು 1904ರಲ್ಲಿ ಇನ್ನೊಮ್ಮೆ ಕಾಣಿಸಿಕೊಂಡಿತು, ಈ ಸಲ ನಿಜಜೀವನದಲ್ಲಿ. ಥಿಯೊಡೊರ್ ರೂಸ್‌ವೆಲ್ಟನ ಚುನಾವಣಾ ನಿಧಿಗೆ ಸ್ಟ್ಯಾಂಡರ್ಡ್ ಆಯಿಲ್‌ನವರು ಕೊಟ್ಟ ಮೊತ್ತ ಅಷ್ಟೇ. ವಿಷಯ ಕಿವಿಗೆ ಬಿದ್ದಾಗ ರೂಸ್‌ವೆಲ್ಟ್ ಹಣವನ್ನು ಹಿಂದಿರುಗಿಸಬೇಕೆಂದು ಪತ್ರ ಬರೆದ. ಪತ್ರ ದಾಖಲೆಯಲ್ಲಿ ಉಳಿಯಿತು. ಹಣವೂ ಪಕ್ಷದಲ್ಲೇ ಉಳಿಯಿತು ಎಂಬುದು 1912ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೊರಬಿತ್ತು. ಅಷ್ಟರಲ್ಲಿ, 1905ರ ವಿಚಾರಣೆಯಲ್ಲಿ, ವಿಮಾ ಕಂಪೆನಿಗಳು ಪಾಲಿಸಿದಾರರ ದುಡ್ಡನ್ನು ಚುನಾವಣೆಗೆ ಸುರಿದದ್ದು ಬಯಲಾಗಿ, ಕಂಪೆನಿಗಳು ಉಮೇದುವಾರರಿಗೆ ಹಣ ಕೊಡಬಾರದೆಂಬ ಕಾನೂನು 1907ರಲ್ಲಿ ಬಂತು. ಅದನ್ನು ತಂದ ಟಿಲ್‌ಮನ್ ನೀಗ್ರೋ ಜನರ ಮತದ ಹಕ್ಕನ್ನು ಕಿತ್ತುಕೊಳ್ಳಲು ಜೀವಮಾನವೆಲ್ಲ ಹೆಣಗಿದವನು. ಒಳ್ಳೆಯ ಕಾನೂನುಗಳು ಯಾರ ಯಾರ ಕೈಯಿಂದಲೋ ಬರುತ್ತವೆ. ಕಾನೂನು ಪುಸ್ತಕದಲ್ಲಿತ್ತು; 1972ರಲ್ಲಿ ನಿಕ್ಸನ್ನನ ಮರುಚುನಾವಣೆಗೆ ಅಮೆರಿಕನ್ ಏರ್‌ಲೈನ್ಸ್ ಕಂಪೆನಿ ಗುಟ್ಟಾಗಿ 55,000 ಡಾಲರು ಕೊಟ್ಟದ್ದನ್ನು ಮರುವರ್ಷ ತಾನೇ ಒಪ್ಪಿಕೊಂಡಿತು. ವಾಟರ್‌ಗೇಟಿನ ತರುವಾಯ 1974ರಲ್ಲಿ ಇನ್ನಷ್ಟು ಕಟ್ಟುಪಾಡುಗಳು ಬಂದವು.

ಸಾಹಿತ್ಯದ ಪುಟಕ್ಕೆ ನೇರವಾಗಿ ಸಂಬಂಧಿಸಿದ ಒಂದು ಘಟನೆ ನಡೆದದ್ದು 2009ರಲ್ಲಿ. ‘ಸಿಟಿಜನ್ಸ್ ಯುನೈಟೆಡ್’ ಎಂಬ ಸಂಸ್ಥೆ ಹಿಲರಿ ಕ್ಲಿಂಟನ್ನರ ವಿರುದ್ಧ ಒಂದು ಚಲಚ್ಚಿತ್ರ ತಯಾರಿಸಿತ್ತು; ಚುನಾವಣೆಯ ಹೊತ್ತಿನಲ್ಲಿ ಅದನ್ನು ತೋರಿಸಬಹುದೆ ಎಂಬುದು ಸುಪ್ರೀಂ ಕೋರ್ಟಿನ ಮುಂದಿದ್ದ ಮೊಕದ್ದಮೆ. ಕಂಪೆನಿಯ ದುಡ್ಡಿನಿಂದ ಅಚ್ಚಾದ ಒಂದು ದಪ್ಪ ಪುಸ್ತಕದ ಕೊನೆಯಲ್ಲಿ ‘ಇಂಥವರಿಗೆ ಮತ ಕೊಡಿ’ ಎಂಬ ಒಂದೇ ವಾಕ್ಯ ಇದ್ದರೆ ಅದನ್ನೂ ತಡೆಯಬಹುದೇ ಎಂದು ನ್ಯಾಯಮೂರ್ತಿಗಳು ಕೇಳಿದರು. ತಡೆಯಬಹುದು ಎಂದು ಸರಕಾರದ ವಕೀಲರು ಉತ್ತರ ಕೊಟ್ಟರು. ಆ ಉತ್ತರ ಸರಕಾರಕ್ಕೆ ದುಬಾರಿಯಾಯಿತು. ಪುಸ್ತಕವನ್ನು ಪ್ರೀತಿಸುವ ಯಾರಿಗೂ ಆ ಮಾತು ಹಿಡಿಸಲಾರದು, ನನಗೂ ಹಿಡಿಸಲಿಲ್ಲ. 2010ರ ಜನವರಿ 21ರಂದು ಐದಕ್ಕೆ ನಾಲ್ಕರ ಬಹುಮತದಿಂದ ಬಂದ ತೀರ್ಪು, ಉಮೇದುವಾರನೊಡನೆ ಕೂಡಿಕೊಳ್ಳದೆ ಪ್ರತ್ಯೇಕವಾಗಿ ಕಂಪೆನಿಗಳು ಎಷ್ಟು ಬೇಕಾದರೂ ಖರ್ಚು ಮಾಡಬಹುದೆಂದು ಹೇಳಿತು. ಉಮೇದುವಾರನ ಕೈಗೆ ನೇರವಾಗಿ ಕೊಡಬಾರದೆಂಬ 1907ರ ನಿಷೇಧ ಹಾಗೆಯೇ ಉಳಿಯಿತು. ಕೊಡುಕೊಳ್ಳುವಿಕೆಯ ಒಪ್ಪಂದವಿದ್ದರೆ ಮಾತ್ರ ಭ್ರಷ್ಟಾಚಾರ. ಹಣ ಸುರಿದವರಿಗೆ ಪ್ರಭಾವವೋ ಸಲಿಗೆಯೋ ದೊರೆತರೆ ಅದನ್ನೇ ಭ್ರಷ್ಟಾಚಾರ ಎನ್ನಲಾಗದು ಎಂಬುದು ತೀರ್ಪು ಬರೆದ ನ್ಯಾಯಮೂರ್ತಿ ಕೆನಡಿಯವರ ವಾದ.

ಈ ತೀರ್ಪನ್ನು ‘ಡೆಮಾಕ್ರಸಿ’ಯ ಪಕ್ಕದಲ್ಲಿಟ್ಟು ಓದಬೇಕು. ಒಪ್ಪಂದ ಆಗಿರಲಿಲ್ಲ, ಯಾರೂ ಕಾರಣ ಹೇಳಲಿಲ್ಲ, ಹಣ ಬೇರೆಯವರ ಕೈಗೆ ಹೋಯಿತು ಎಂಬ ರಾಟ್‌ಕ್ಲಿಫ್‌ನ ಧಾಟಿ 130 ವರ್ಷಗಳ ಮೇಲೆ ನ್ಯಾಯಪೀಠದಿಂದ ಕೇಳಿಬಂದಂತೆ ನನಗನ್ನಿಸಿತು. ವಿಪರ್ಯಾಸ ಬೇಡ, ನ್ಯಾಯಮೂರ್ತಿಗಳು ಚಿಂತಿಸಿದ್ದು ಮಾತಿನ ಸ್ವಾತಂತ್ರ್ಯವನ್ನು ಕುರಿತು, ಅದು ಸಣ್ಣ ವಿಷಯವಲ್ಲ. ಆದರೆ ಮಾಡೆಲೀನ್ ಯಾವ ಸಮಜಾಯಿಷಿಯನ್ನು ಕೇಳಿ ಎದ್ದುಹೋದಳೋ ಅದೇ ಮುಂದೆ ಪ್ರಾಮಾಣಿಕತೆಯ ಎಲ್ಲೆಯಾಗಿ ನಿಂತಿತು. ಭಿನ್ನಮತ ಬರೆದ ಸ್ಟೀವನ್ಸರು ಕಂಪೆನಿಗೆ ಅಂತಃಕರಣವಿಲ್ಲ, ನಂಬಿಕೆಗಳಿಲ್ಲ ಎಂದು ನೆನಪಿಸಿದರು. ಆಡಮ್ಸ್ ತನ್ನ ಕಂಪೆನಿಗೆ ಒಂದು ಮುಖ ಕೊಡದೆ ಬಿಟ್ಟದ್ದೂ ಬಹುಶಃ ಅದಕ್ಕೇ ಇರಬಹುದು.

2024ರಲ್ಲಿ ಮರೆಯ ತೆರೆ ಸರಿಯಿತು. ಮೋಟಾರು ಮತ್ತು ರಾಕೆಟ್ ಕಂಪೆನಿಗಳ ಒಡೆಯರಾದ ಎಲಾನ್ ಮಸ್ಕ್ ಅವರು ಟ್ರಂಪ್ ಅವರಿಗಾಗಿಯೂ ಅವರ ಪಕ್ಷಕ್ಕಾಗಿಯೂ 25 ಕೋಟಿ ಡಾಲರಿಗೂ ಮೀರಿ ಖರ್ಚು ಮಾಡಿದರು. ಹ್ಯಾನನ ಕಾಲದ ಶಿಷ್ಟಾಚಾರ ಅವರಿಗೆ ಬೇಕಾಗಿರಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಪೆನ್ಸಿಲ್ವೇನಿಯದ ಬಟ್ಲರ್ ಎಂಬಲ್ಲಿ ಉಮೇದುವಾರನ ಪಕ್ಕದಲ್ಲೇ ವೇದಿಕೆಯ ಮೇಲೆ ಕುಣಿದರು. 2025ರ ಜನವರಿಯಲ್ಲಿ ಪ್ರಮಾಣವಚನ ನಡೆದಾಗ ಅವರೂ ದೊಡ್ಡ ದೊಡ್ಡ ಕಂಪೆನಿಗಳ ಇತರ ಮುಖ್ಯಸ್ಥರೂ ಮಂತ್ರಿಗಳಾಗಲಿದ್ದವರಿಗಿಂತ ಮುಂದಿನ ಸಾಲಿನಲ್ಲಿ ಕಾಣಿಸಿಕೊಂಡರು. ಆಮೇಲೆ ಸರಕಾರದ ವೆಚ್ಚ ಕಡಿತದ ಕೆಲಸಕ್ಕೇ ನಿಂತು, ಮೇ ಕೊನೆಗೆ ಹೊರಬಂದು, ಜೂನಿನಲ್ಲಿ ಅಧ್ಯಕ್ಷರೊಡನೆ ಬೀದಿಜಗಳ ಆಡಿದರು. ಎದುರುಪಕ್ಷದ ಹ್ಯಾರಿಸ್ ಅವರ ಕಡೆಗೂ ಕೋಟ್ಯಧೀಶರ ಹಣ ಕಡಿಮೆ ಬಿದ್ದಿರಲಿಲ್ಲ. ಹಣವೇ ಎಲ್ಲವನ್ನೂ ಗೆಲ್ಲುತ್ತದೆಂದು ತಿಳಿಯುವವರು 2020ರಲ್ಲಿ ಬ್ಲೂಮ್‌ಬರ್ಗ್ ಅವರು ತಮ್ಮ ಸ್ವಂತದ ಸುಮಾರು 100 ಕೋಟಿ ಡಾಲರು ಸುರಿದು, ಪಕ್ಷದ ಒಳಚುನಾವಣೆಯಲ್ಲಿ ಅಮೆರಿಕನ್ ಸಮೋವ ದ್ವೀಪಗಳನ್ನು ಮಾತ್ರ ಗೆದ್ದದ್ದನ್ನು ಮರೆಯಬಾರದು. ದಾನಿಯ ಶಕ್ತಿ ಇರುವುದು ಮತ ಎಣಿಸುವ ದಿನದಲ್ಲಿ ಅಷ್ಟಲ್ಲ. ಯಾರು ಸ್ಪರ್ಧಿಸಬಹುದು ಎಂದು ತೀರ್ಮಾನವಾಗುವ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ, ಗೆದ್ದವನ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬ ಅನಂತರದ ತಿಂಗಳುಗಳಲ್ಲಿ.

ದಾನಿ ತಾನಾಗಿ ರಂಗಕ್ಕೆ ಬಂದು ಕುಣಿದರೆ ಆಡಮ್ಸನಂಥ ಕಾದಂಬರಿಕಾರನಿಗೆ ಉಳಿಯುವ ಕೆಲಸವೇನು? ಅವನ ಕಥೆಯ ತಂತ್ರವೆಲ್ಲ ಬಚ್ಚಿಟ್ಟ ಒಂದು ಪತ್ರದ ಮೇಲೆ ನಿಂತಿದೆ. ಪತ್ರ ತೆರೆದುಕೊಂಡರೆ ಪಾತ್ರಗಳು ನಾಚಬೇಕು, ನಾಯಿಕೆ ಬೆಚ್ಚಬೇಕು. ಯಾರೂ ಏನನ್ನೂ ಬಚ್ಚಿಡದ ಕಾಲಕ್ಕೆ ಆ ತಂತ್ರ ಒದಗುವುದಿಲ್ಲ. ಜೇನ್ ಮೇಯರ್ ಅವರು 2016ರಲ್ಲಿ ಬರೆದ ‘ಡಾರ್ಕ್ ಮನಿ’ಯಂಥ ಗ್ರಂಥಗಳು ಹೆಸರು ಹೇಳಿಕೊಳ್ಳದ ಸಂಸ್ಥೆಗಳ ಹಿಂದಿನ ಹಣವನ್ನು ಶ್ರಮಪಟ್ಟು ಹುಡುಕಿ ಹೊರಗೆಳೆದಿವೆ, ಆ ಕೆಲಸ ಇನ್ನೂ ಮುಗಿದಿಲ್ಲ, ಅಂಥ ಸಂಸ್ಥೆಗಳು ಹೋಗಿಯೂ ಇಲ್ಲ. ಆದರೆ ಕಂಡ ಮೇಲೆಯೂ ಜನ ಬೆಚ್ಚದಿದ್ದರೆ ಏನು ಬರೆಯಬೇಕು ಎಂಬುದು ಪತ್ರಿಕೋದ್ಯಮದ ಪ್ರಶ್ನೆಯಲ್ಲ, ಕಾದಂಬರಿಯ ಪ್ರಶ್ನೆ.

ಇನ್ನೊಂದು ಕೊರತೆಯನ್ನು ಹೇಳಬೇಕು. ‘ಡೆಮಾಕ್ರಸಿ’ ಎಂಬ ಹೆಸರಿನ ಈ ಪುಸ್ತಕದಲ್ಲಿ ಮತದಾರರು ಇಲ್ಲ. ಅಧ್ಯಕ್ಷನ ಮನೆಯಲ್ಲಿ ಕೈಕುಲುಕಲು ಸಾಲುಗಟ್ಟಿದ ಜನ ಒಮ್ಮೆ ಕಾಣಿಸುತ್ತಾರೆ. ಅಧ್ಯಕ್ಷನೂ ಅವನ ಹೆಂಡತಿಯೂ ಕೀಲುಗೊಂಬೆಗಳಂತೆ ನಿಂತು ಕೈಕೊಡುವುದನ್ನು ನೋಡಿ ಮಾಡೆಲೀನಳಿಗೆ ಮೈ ನಡುಗುತ್ತದೆ. ಆ ಸನ್ನಿವೇಶ ಅದ್ಭುತವಾಗಿದೆ. ಆದರೆ ಸಾಲಿನಲ್ಲಿ ನಿಂತವರ ಮಾತು ಒಂದೂ ನಮ್ಮ ಕಿವಿಗೆ ಬೀಳುವುದಿಲ್ಲ. ಅಧ್ಯಕ್ಷರ ಮನೆತನದ ಆಡಮ್ಸ್ ಅವರ ಮಾತನ್ನು ಕೇಳಿಸಿಕೊಳ್ಳಬೇಕೆಂದು ಬಯಸಿದಂತೆಯೂ ಕಾಣೆ. ಹಡಗಿನ ಕಂಪೆನಿಗೆ ಹೋದ ಸಹಾಯಧನ ಯಾರ ತೆರಿಗೆಯ ದುಡ್ಡು ಎಂಬುದನ್ನು ಕಾದಂಬರಿಯಲ್ಲಿ ಯಾರೂ ಕೇಳುವುದಿಲ್ಲ, ನಾಯಿಕೆಯೂ ಕೇಳುವುದಿಲ್ಲ.

ಹಾಗೆಂದು ಅವನಲ್ಲಿ ಸಾಮಗ್ರಿ ಇರಲಿಲ್ಲ ಎನ್ನುವಂತಿಲ್ಲ. ಕಾದಂಬರಿಯ ನಡುವೆ ಬೇಕರ್ ಎಂಬುವನ ವಿಧವೆ ಬರುತ್ತಾಳೆ. ಸತ್ತ ಗಂಡ ವಾಷಿಂಗ್ಟನ್ನಿನಲ್ಲಿ ಕಂಪೆನಿಗಳ ಪರವಾಗಿ ಶಾಸಕರ ಮನೆ ತಿರುಗಿ ಕೆಲಸ ಮಾಡಿಸಿಕೊಡುತ್ತಿದ್ದ ದಲ್ಲಾಳಿ. ಆ ಲಕ್ಷ ಡಾಲರಿನ ಗುಟ್ಟು ಹೊರಬಿದ್ದದ್ದೇ ಇವರ ಮನೆಯ ಕಾಗದಗಳಿಂದ. ಈಕೆ ಮಾತಿನಮಲ್ಲಿ. ಯಾವ ಶಾಸಕನನ್ನು ಊಟಕ್ಕೆ ಕರೆದು ಒಲಿಸಿಕೊಳ್ಳಬೇಕು, ಯಾವನನ್ನು ನಾಟಕಕ್ಕೆ ಕರೆದೊಯ್ದು, ಯಾವನಿಗೆ ಹಣವನ್ನೇ ಎಣಿಸಬೇಕು ಎಂಬುದನ್ನೆಲ್ಲ ಮಾಡೆಲೀನಳ ಮುಂದೆ ಸಂಕೋಚವಿಲ್ಲದೆ ಹೇಳುತ್ತಾಳೆ. ಸಂತೆಯಲ್ಲಿ ಕುಳಿತವಳು ತನ್ನ ಗಿರಾಕಿಗಳ ಸ್ವಭಾವ ಹೇಳಿದ ಹಾಗೆ. ಆಡಮ್ಸ್ ಅವಳನ್ನು ನಗೆಪಾಟಲಿಗೆ ಇಟ್ಟುಕೊಂಡು ಕೆಲವು ಪುಟಗಳಲ್ಲಿ ಮುಗಿಸಿಬಿಟ್ಟಿದ್ದಾನೆ. ಮಾಡೆಲೀನ್ ಎರಡು ಋತು ವಾಷಿಂಗ್ಟನ್ನಿನಲ್ಲಿ ಕುಳಿತು ಹುಡುಕಿದ್ದು ಈ ಹೆಂಗಸಿಗೆ ಬಾಯಿಪಾಠವಾಗಿತ್ತು.